ದಾವಣಗೆರೆಯಲ್ಲಿದ್ದುಕೊಂಡು ಮಾನವ ಸಂಪನ್ಮೂಲ ವಿಭಾಗ ಸೇರಲು ಯಾವ ದಾರಿ?

ಪ್ರಶ್ನೆ (ದಾವಣಗೆರೆ, ಬಿ.ಕಾಂ. ಪದವೀಧರೆ):
ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಇಲ್ಲಿನ ಸಿದ್ಧ ಉಡುಪು ಘಟಕವೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಟೈಮ್ ಆಫೀಸಿನ ಗುಮಾಸ್ತರು ರಜೆ ಹಾಕಿದಾಗಲೆಲ್ಲ ಹಾಜರಾತಿ, ಓವರ್‌ಟೈಮ್ ಲೆಕ್ಕಗಳು ನನ್ನ ಮೇಜಿಗೆ ಬರುತ್ತವೆ. ವೋಚರ್ ಬರೆಯುವುದಕ್ಕಿಂತ ಆ ಕೆಲಸವೇ ನನಗೆ ಹಿಡಿಸಿದೆ. ಮನೆಯಲ್ಲಿ ಎಂ.ಬಿ.ಎ. ಮಾಡು ಎನ್ನುತ್ತಾರೆ, ಸಹೋದ್ಯೋಗಿಯೊಬ್ಬರು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರು ಎನ್ನುತ್ತಾರೆ, ಬೆಂಗಳೂರಿನ ತರಬೇತಿ ಕೇಂದ್ರವೊಂದು ಮೂರು ತಿಂಗಳ ಸರ್ಟಿಫಿಕೇಟಿಗೆ ನನ್ನ ನಾಲ್ಕು ತಿಂಗಳ ಸಂಬಳ ಕೇಳುತ್ತಿದೆ. ಈ ವೃತ್ತಿಯಲ್ಲಿರುವವರು ತಾವು ಹೇಗೆ ಬಂದಿರೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ನಿವೃತ್ತ ಕಲ್ಯಾಣಾಧಿಕಾರಿ, ಹರಿಹರ):
ನಾನು ಬಂದದ್ದು ಎಂ.ಎಸ್.ಡಬ್ಲ್ಯೂ. ಓದಿ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯು, ಅವರ ಯೋಗಕ್ಷೇಮ ನೋಡಿಕೊಳ್ಳುವ ಕಲ್ಯಾಣಾಧಿಕಾರಿಯನ್ನು ನೇಮಿಸಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಹೇಳುತ್ತಿತ್ತು. ನಮ್ಮ ಕಾಲದವರಿಗೆ ಅನ್ನ ಕೊಟ್ಟದ್ದು ಆ ಸೆಕ್ಷನ್ನೇ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. 29 ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವುದರಿಂದ ಹಳಬರಾದ ನಾವೂ ಹೊಸಬರಾದ ನೀವೂ ಈಗ ಒಂದೇ ಪುಸ್ತಕ ತೆರೆದು ಕೂರಬೇಕಾಗಿದೆ.

ಕಾರ್ಖಾನೆಯ ಗೇಟಿನೊಳಗೆ ಕೆಲಸ ಮಾಡುವ ಮನಸ್ಸಿದ್ದರೆ ಎಂ.ಎಸ್.ಡಬ್ಲ್ಯೂ., ಐ.ಟಿ. ಅಥವಾ ಬ್ಯಾಂಕಿಂಗ್ ಕಡೆಗೆ ಒಲವಿದ್ದರೆ ಎಂ.ಬಿ.ಎ. ಎಂಬುದು ನನ್ನ ಅಭಿಪ್ರಾಯ. ಮೊದಲನೆಯದರಲ್ಲಿ ಕ್ಷೇತ್ರಕಾರ್ಯವಿರುತ್ತದೆ. ಯಂತ್ರಕ್ಕೆ ಬೆರಳು ಕೊಟ್ಟವನ ಮನೆಗೆ ಹೋಗಿ ಅವನ ಹೆಂಡತಿಯೊಡನೆ ಏನು ಮಾತಾಡಬೇಕೆಂಬುದನ್ನು ನಾನು ಕಲಿತದ್ದು ಅಲ್ಲಿಯೇ ಹೊರತು ತರಗತಿಯಲ್ಲಿ ಅಲ್ಲ.

ಉತ್ತರ 2 (ಚಿತ್ರದುರ್ಗದವಳು, ಈಗ ಪೀಣ್ಯ):
ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ನನ್ನಲ್ಲಿ ಆ ಎರಡೂ ಪದವಿಗಳಿರಲಿಲ್ಲ. ಬಿ.ಎ. ಮುಗಿಸಿ, ಗುತ್ತಿಗೆ ಕಾರ್ಮಿಕರನ್ನು ಒದಗಿಸುವವರೊಬ್ಬರ ಕಚೇರಿಯಲ್ಲಿ ಪಿ.ಎಫ್. (ಭವಿಷ್ಯನಿಧಿ), ಇ.ಎಸ್.ಐ. (ಕಾರ್ಮಿಕರ ವಿಮೆ) ಚಲನ್ ತುಂಬುವ ಕೆಲಸಕ್ಕೆ ಸೇರಿದೆ. ಪ್ರತಿ ತಿಂಗಳ 15ರೊಳಗೆ ಎರಡನ್ನೂ ಕಟ್ಟಬೇಕು. ಪಿ.ಎಫ್.ಗೆ ಮಾಲೀಕರು ಕಟ್ಟುವ, ವೇತನದ ಶೇ. 12ರಲ್ಲಿ ಶೇ. 8.33 ಪಿಂಚಣಿಗೆ ಹೋಗುತ್ತದೆ, ಉಳಿದದ್ದು ಭವಿಷ್ಯನಿಧಿಗೆ ಎಂಬುದನ್ನು ನಾನು ಓದಿ ತಿಳಿದದ್ದಲ್ಲ; ಮುನ್ನೂರು ಜನರ ಲೆಕ್ಕ ತಾಳೆಯಾಗದೆ ರಾತ್ರಿಯೆಲ್ಲ ಕೂತಾಗ ತಿಳಿದದ್ದು.

ನಮ್ಮ ಕಡೆಯವರ ಹೆಸರುಗಳದ್ದು ಒಂದು ದೊಡ್ಡ ಪಾಡು. ಆಧಾರ್‌ನಲ್ಲಿ ಬರೀ ಹೆಸರು, ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಬ್ಯಾಂಕ್ ಪುಸ್ತಕದಲ್ಲಿ ಊರಿನದೂ ಸೇರಿ ಎರಡು. ಮಗಳ ಮದುವೆಗೆಂದು ಪಿ.ಎಫ್. ಹಣ ಕೇಳಿದವರ ಅರ್ಜಿ ಇಷ್ಟಕ್ಕೇ ತಿರಸ್ಕೃತವಾಗುತ್ತದೆ. ಇಂಥದ್ದನ್ನು ಸರಿಪಡಿಸಿಕೊಡುತ್ತ ಹೋದಂತೆ ಕಾರ್ಮಿಕರು ನನ್ನನ್ನೇ ಹುಡುಕಿಕೊಂಡು ಬರತೊಡಗಿದರು, ಕಂಪನಿಯವರೂ ಅದನ್ನು ಗಮನಿಸಿದರು.

ಸಂದರ್ಶನದಲ್ಲಿ ನನಗೆ ಕೇಳಿದ್ದು ಒಂದೇ ಪ್ರಶ್ನೆ: ಗ್ರಾಚ್ಯುಟಿ (ಸೇವೆ ಮುಗಿಸಿ ಹೋಗುವಾಗ ಮಾಲೀಕರು ಕೊಡುವ ಇಡಗಂಟು) ಲೆಕ್ಕದಲ್ಲಿ ತಿಂಗಳ ವೇತನವನ್ನು 30ರ ಬದಲು 26ರಿಂದ ಭಾಗಿಸುವುದೇಕೆ? ವಾರದ ರಜೆಗಳನ್ನು ಕಳೆದರೆ ತಿಂಗಳಿಗೆ ಉಳಿಯುವ ಕೆಲಸದ ದಿನಗಳು ಅಷ್ಟೇ ಎಂದೆ. ನೀವು ಹಾಜರಾತಿ ಪುಸ್ತಕ ಮುಟ್ಟಿರುವವರು, ಆಗಲೇ ಅರ್ಧ ದಾರಿ ಬಂದಿದ್ದೀರಿ. ಆ ಮೂರು ತಿಂಗಳ ಸರ್ಟಿಫಿಕೇಟಿಗೆ ದಯವಿಟ್ಟು ಹಣ ಸುರಿಯಬೇಡಿ.

ಉತ್ತರ 3 (ಜಗಳೂರು):
ನೇಮಕಾತಿ ಏಜೆನ್ಸಿಯ ದಾರಿಯೂ ಉಂಟು, ನಾನು ಅದರಲ್ಲಿ ಎಂಟು ತಿಂಗಳು ಇದ್ದೆ. ದಿನವಿಡೀ ಫೋನು, ಸಂಜೆಗೆ ಎಷ್ಟು ಜನ ಸಂದರ್ಶನಕ್ಕೆ ಬಂದರೆಂಬ ಲೆಕ್ಕ. ಮಾತುಗಾರಿಕೆ ಬಂತು, ಕಾನೂನು ಬರಲಿಲ್ಲ. ಅಭ್ಯರ್ಥಿಗಳಿಂದಲೇ ಹಣ ಪಡೆಯಲು ಹೇಳಿದ ದಿನ ಬಿಟ್ಟು ಬಂದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಮುಂದಿನ ಚಲನ್ ತುಂಬುವಾಗ ಪಕ್ಕದಲ್ಲಿ ಕೂರುತ್ತೇನೆಂದು ನಮ್ಮ ಗುಮಾಸ್ತರನ್ನು ಕೇಳಿದೆ. ರಜೆ ಹಾಕುವುದು ಇನ್ನೂ ಸಲೀಸಾಯಿತೆಂದು ಅವರಿಗೇ ಸಂತೋಷ. ಸರ್, ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಎಂ.ಎಸ್.ಡಬ್ಲ್ಯೂ. ಮಾಡಬಹುದೇ?

ಉತ್ತರ 1ರವರು:
ಮಾಡಬಹುದಮ್ಮ. ಆದರೆ ಸೇರುವ ಮೊದಲು ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ, ಕ್ಷೇತ್ರಕಾರ್ಯವನ್ನು ನಿಜವಾಗಿ ಮಾಡಿಸುತ್ತಾರೆಯೇ ಎಂಬ ಎರಡನ್ನೂ ವಿಚಾರಿಸಿಕೊಳ್ಳಿ. ಕ್ಷೇತ್ರಕಾರ್ಯಕ್ಕೆ ನಿಮ್ಮ ಘಟಕದ ಹೊಲಿಗೆ ವಿಭಾಗವನ್ನೇ ಆರಿಸಿಕೊಳ್ಳಲು ಬಿಡುವುದಾದರೆ ಇನ್ನೂ ಒಳ್ಳೆಯದು.