ಅಪ್‌ಡೇಟ್: ಕಾರ್ಕಳದ ಹತ್ತು ಸೆಂಟ್ಸ್ ಜಾಗ, ಕೊನೆಗೆ ಏನಾಯ್ತು

ಹೋದ ವಾರ ಕೇಳಿದ್ದೆ: ಕೈಯಲ್ಲಿ 12 ಲಕ್ಷ ಇದೆ, ಮೊದಲ ಸಲ ಜಾಗಕ್ಕೆ ಹಣ ಹಾಕುವುದು, ಕಾರ್ಕಳ ಕಡೆಯ 10 ಸೆಂಟ್ಸ್ ತೆಗೆದುಕೊಳ್ಳಲಾ ಅಂತ. ತೆಗೆದುಕೊಳ್ಳಲಿಲ್ಲ.

'ಇಸಿ ಕ್ಲೀನ್ ಇದ್ರೆ ಸಾಕು' ಅಂದವರ ಮಾತು ಕೇಳಿ ಸರ್ಕಾರದ ನೋಂದಣಿ ವೆಬ್‌ಸೈಟ್ ಕಾವೇರಿಯಲ್ಲಿ ಇಸಿ (ಋಣಭಾರ ಪತ್ರ, ಅಂದರೆ ಜಾಗದ ಮೇಲಿನ ಸಾಲ, ಮಾರಾಟ ತೋರಿಸುವ ದಾಖಲೆ) ತೆಗೆಸಿದೆ. ಕ್ಲೀನಾಗಿಯೇ ಇತ್ತು. ಆದರೆ ಅದರಲ್ಲಿ ನೋಂದಣಿ ಆದ ವ್ಯವಹಾರ ಮಾತ್ರ ಕಾಣುತ್ತದೆ, ಗಡಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಉಪಯೋಗಕ್ಕೆ ಬಂದದ್ದು 'ಅಡ್ವಾನ್ಸ್ ಕೊಡುವ ಮೊದಲು ಸರ್ವೇ ಮಾಡಿಸಿ' ಎಂಬ ಸಲಹೆ. ಅವರಿಗೆ ದೊಡ್ಡ ಥ್ಯಾಂಕ್ಸ್. ಅಳೆದರೆ ಪಹಣಿಯಲ್ಲಿದ್ದದ್ದು ಬರೀ 6 ಸೆಂಟ್ಸ್! ಬೇಲಿಯೊಳಗಿನ ಉಳಿದ 4 ಕುಮ್ಕಿ. ಕುಮ್ಕಿ ಅಂದರೆ ವರ್ಗ ಜಾಗಕ್ಕೆ (ಸ್ವಂತ ಪಟ್ಟಾ ಜಾಗ) ತಾಗಿದ ಸರ್ಕಾರಿ ಜಾಗ. ಸೊಪ್ಪು, ಸೌದೆ ತರಬಹುದು, ಮಾರಲು ಬರುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನಗೇ ಇದು ಗೊತ್ತಿರಲಿಲ್ಲ, ನಾಚಿಕೆ. ಬ್ರೋಕರ್ ಮಾತ್ರ, "ಎಲ್ಲರೂ ಹೀಗೇ ಮಾಡುವುದು ಮಾರಾಯ್ರೆ" ಅಂದರು.

ಮಣಿಪಾಲದಲ್ಲಿ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುವ ಐಡಿಯಾ ಬಜೆಟ್‌ಗೆ ಹೊಂದಲಿಲ್ಲ. ಸದ್ಯ ಡಿಮ್ಯಾಟ್ (ಷೇರು ಇಡುವ) ಖಾತೆಯಲ್ಲಿ ಸ್ವಲ್ಪ ರೀಟ್ ಯೂನಿಟ್ ತೆಗೆದುಕೊಂಡಿದ್ದೇನೆ. ರೀಟ್ ಅಂದರೆ ಹಲವರ ಹಣ ಸೇರಿಸಿ ಬಾಡಿಗೆ ಬರುವ ದೊಡ್ಡ ಕಟ್ಟಡಗಳಲ್ಲಿ ಹಾಕುವ ಟ್ರಸ್ಟ್, ಅದರ ಪಾಲು ಷೇರಿನ ಹಾಗೆ ಸಿಗುತ್ತದೆ. 2021ರಿಂದ ಒಂದೇ ಯೂನಿಟ್ ಕೂಡ ಕೊಳ್ಳಬಹುದು. ಉಳಿದದ್ದು ಎಫ್‌ಡಿಯಲ್ಲಿದೆ. ಜಾಗ ಹುಡುಕುವುದು ನಿಂತಿಲ್ಲ, ಈ ಸಲ ಸರ್ವೇಯರ್ ಜೊತೆಗೇ ಹೋಗುತ್ತೇನೆ.