65ರ ವೇಗಕ್ಕೆ ನಡುಗುವ ಅಂಬಾಸಡರ್: ಮೇಸ್ತ್ರಿಗೆ ಕೇಳಿ

ಪ್ರಶ್ನೆ (ಬಸವನಗುಡಿಯ ಸದಸ್ಯೆ):
ಮೇಸ್ತ್ರಿಗಳಿಗೆ ನಮಸ್ಕಾರ. ನಮ್ಮದು 1977ರ ಅಂಬಾಸಡರ್ ಮಾರ್ಕ್ 3, ಪೆಟ್ರೋಲ್. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಗಾಡಿ. ಈಗ ಪೂರ್ತಿ ರೆಸ್ಟೋರ್ ಮಾಡಿಸಿದ್ದೇವೆ. ಟಿಂಕರಿಂಗ್, ಪೇಂಟ್, ಇಂಜಿನ್ ಬೋರಿಂಗ್, ಹಿಂದಿನ ಕಮಾನು ಪಟ್ಟಿ, ಹೊಸ ಟೈರ್ ಎಲ್ಲಾ ಆಗಿದೆ. ಊರೊಳಗೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಕನಕಪುರ ರಸ್ತೆಯಲ್ಲಿ 60 ದಾಟಿದರೆ ಸೀಟಿನ ಕೆಳಗೆ ನಡುಕ ಶುರು. 65ಕ್ಕೆ ಜೋರು. 75 ದಾಟಿದರೆ ಸ್ವಲ್ಪ ಕಡಿಮೆ. ಸ್ಟೇರಿಂಗ್ ಅಷ್ಟಾಗಿ ಅದುರುವುದಿಲ್ಲ. ನೆಲ, ಹಿಂದಿನ ಸೀಟು, ಒಳಗಿನ ಕನ್ನಡಿ ಅದುರುತ್ತವೆ. ವೀಲ್ ಬ್ಯಾಲೆನ್ಸಿಂಗ್ ಬೇರೆ ಬೇರೆ ಕಡೆ ಮಾಡಿಸಿ ಆಯಿತು. ಇಂಜಿನ್ ಮೌಂಟಿಂಗ್ ಬದಲಾಯಿಸಿ ಆಯಿತು. ಈಗ ಗ್ಯಾರೇಜಿನವರು ಗೇರ್‌ಬಾಕ್ಸ್ ಬಿಚ್ಚೋಣ ಅನ್ನುತ್ತಿದ್ದಾರೆ. ಬಿಚ್ಚಿಸಲಾ?

ಉತ್ತರ (ಮೇಸ್ತ್ರಿ, ವಿಲ್ಸನ್ ಗಾರ್ಡನ್):
ಬೇಡ ಮೇಡಂ. ಸದ್ಯಕ್ಕೆ ಏನನ್ನೂ ಬಿಚ್ಚಿಸಬೇಡಿ. ನಡುಕ ಯಾವುದರ ಜೊತೆ ತಿರುಗುತ್ತಿದೆ ಅಂತ ಗೊತ್ತಾಗದೆ ಸಾಮಾನು ಬದಲಾಯಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ನಡುಕ ಹಾಗೇ ಇರುತ್ತದೆ.

ಗಾಡಿಯಲ್ಲಿ ತಿರುಗುವ ವಸ್ತುಗಳು ಮೂರು ಗುಂಪು. ಚಕ್ರ ಒಂದು. ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ, ಅಂದರೆ ಹಿಂದಿನ ಚಕ್ರ ತಿರುಗಿಸುವ ಹಲ್ಲುಚಕ್ರಗಳ ಪೆಟ್ಟಿಗೆಗೆ, ಹೋಗುವ ಉದ್ದ ಕೊಳವೆ ಪ್ರೊಪೆಲ್ಲರ್ ಶಾಫ್ಟ್ ಇನ್ನೊಂದು. ಇಂಜಿನ್ ಮತ್ತು ಕ್ಲಚ್ ಮೂರನೆಯದು. ಲೆಕ್ಕ ಹಾಕೋಣ. ನಿಮ್ಮ 15 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಓಡುತ್ತದೆ. 65 ಕಿ.ಮೀ. ಅಂದರೆ ಸೆಕೆಂಡಿಗೆ 18 ಮೀಟರ್. ಹಾಗಾಗಿ ಚಕ್ರ ಸೆಕೆಂಡಿಗೆ 9 ಸುತ್ತು. ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್ ಹಲ್ಲಿನ ಲೆಕ್ಕ ಸುಮಾರು ನಾಲ್ಕೂವರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ನಾಲ್ಕೂವರೆ ಸುತ್ತು, ಅಂತ ಹಿಡಿದರೆ ಶಾಫ್ಟ್ ಸೆಕೆಂಡಿಗೆ 40 ಸುತ್ತು. ಚಕ್ರದ ದೋಷ ಆದರೆ ಗಾಡಿ ಕುಲುಕಿದ ಹಾಗೆ ಇರುತ್ತದೆ, ಮುಂದಿನ ಚಕ್ರವಾದರೆ ಸ್ಟೇರಿಂಗೂ ಕುಣಿಯುತ್ತದೆ. ಶಾಫ್ಟಿನ ದೋಷ ಆದರೆ ಗುಂಯ್ ಅನ್ನುವ ಸಣ್ಣ ಅದುರು, ನೆಲದಿಂದ ಬರುತ್ತದೆ. ನೀವು ಹೇಳಿದ್ದು ಎರಡನೆಯದರ ಥರ ಇದೆ.

ಆದರೆ ಇಲ್ಲಿ ಒಂದು ತೊಡಕು ಇದೆ. ಅಂಬಾಸಡರ್‌ನ ನಾಲ್ಕನೇ ಗೇರ್ ನೇರ ಗೇರ್. ಇಂಜಿನ್ ಎಷ್ಟು ತಿರುಗುತ್ತದೋ ಶಾಫ್ಟೂ ಅಷ್ಟೇ. ಟಾಪ್ ಗೇರಿನಲ್ಲಿ ಎಷ್ಟೇ ಓಡಿಸಿದರೂ ತಪ್ಪು ಇಂಜಿನ್ನಿಂದೋ ಶಾಫ್ಟಿಂದೋ ಅಂತ ಗೊತ್ತಾಗುವುದಿಲ್ಲ. ಎಷ್ಟೋ ಒಳ್ಳೆಯ ಇಂಜಿನ್‌ಗಳನ್ನು ಇದೇ ಕಾರಣಕ್ಕೆ ಸುಮ್ನೆ ಬಿಚ್ಚಿರುತ್ತಾರೆ.

ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ ಹೊರಡಿ. 65ಕ್ಕೆ ಬಂದು ನಡುಕ ಶುರುವಾದ ಮೇಲೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ, ಹಾಗೇ ಉರುಳಲು ಬಿಡಿ. ಕೀ ಮಾತ್ರ ಆಫ್ ಮಾಡಬೇಡಿ. ನಡುಕ ತಕ್ಷಣ ನಿಂತರೆ ಇಂಜಿನ್ ಕಡೆ ನೋಡಬೇಕು. ಹಾಗೇ ಮುಂದುವರಿದರೆ ಇಂಜಿನ್ ಬಚಾವ್. ಆಮೇಲೆ ಮೂರನೇ ಗೇರಿನಲ್ಲಿ ಅದೇ 65ಕ್ಕೆ ಬನ್ನಿ. ಆಗಲೂ ಅದೇ ವೇಗಕ್ಕೆ ನಡುಕ ಬಂದರೆ ಅದು ಇಂಜಿನ್ನಿನದಲ್ಲ. ಇಂಜಿನ್ ಸುಮಾರು ಒಂದೂವರೆ ಪಟ್ಟು ಜಾಸ್ತಿ ತಿರುಗುತ್ತದೆ, ಕಿರುಚುತ್ತದೆ, ಒಂದು ಕ್ಷಣ ಸಾಕು. ಹೊಸ ಬೋರಿಂಗ್ ಆದ ಇಂಜಿನ್ ಇನ್ನೂ ಪಳಗಿಲ್ಲದಿದ್ದರೆ ಇದನ್ನು ಬಿಟ್ಟುಬಿಡಿ. ಹಳೆಯ ಮೀಟರ್ ನಂಬಬೇಡಿ, ವೇಗಕ್ಕೆ ಫೋನಿನ ಜಿಪಿಎಸ್ ನೋಡಲಿ ಪಕ್ಕದಲ್ಲಿ ಕೂತವರು. ಅದುರು ಅಳೆಯುವ ಆ್ಯಪ್‌ಗಳೂ ಇವೆ. ಫೋನನ್ನು ನೆಲಕ್ಕೆ ಒತ್ತಿ ಇಟ್ಟರೆ ಸೆಕೆಂಡಿಗೆ 9ರ ಹತ್ತಿರವೋ 40ರ ಹತ್ತಿರವೋ ಅಂತ ತೋರಿಸುತ್ತದೆ.

ಕಾಮೆಂಟ್ (ರಾಜಾಜಿನಗರ):
ಇಷ್ಟೆಲ್ಲಾ ಯಾಕೆ ಗುರುಗಳೇ? ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಮುಗೀತು ಅಲ್ವಾ?

ಮೇಸ್ತ್ರಿ:
ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರ್ ಅಂಚು ಸವೆಯುತ್ತದೆ. ಒಂದೇ ವೇಗಕ್ಕೆ ನೆಲ ಅದುರುವುದಕ್ಕೂ ಅದಕ್ಕೂ ಸಂಬಂಧ ಇಲ್ಲ ಸಾರ್. ಪಾಪ, ಯಾವ ಕಾಯಿಲೆಗೂ ಮೊದಲು ಅಲೈನ್‌ಮೆಂಟನ್ನೇ ಬೈಯುತ್ತಾರೆ.

ಪ್ರಶ್ನೆ ಕೇಳಿದವರು:
ನೈಸ್ ರಸ್ತೆಯಲ್ಲಿ ನೋಡಿದೆವು ಮೇಸ್ತ್ರಿಗಳೇ. ನ್ಯೂಟ್ರಲ್‌ಗೆ ಹಾಕಿದರೂ ನಡುಕ ಹಾಗೇ ಇದೆ. ಮೂರನೇ ಗೇರಿನಲ್ಲೂ ಅದೇ ವೇಗಕ್ಕೆ ಬರುತ್ತದೆ. ಆ್ಯಪ್ 38ರಿಂದ 41ರ ಒಳಗೆ ತೋರಿಸಿತು. ಹಿಂದಿನ ಚಕ್ರ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿದೆವು. ಏನೂ ಬದಲಾಗಲಿಲ್ಲ.

ಮೇಸ್ತ್ರಿ:
ಹಾಗಾದರೆ ಪ್ರೊಪೆಲ್ಲರ್ ಶಾಫ್ಟ್ ಕಡೆಗೇ ಬನ್ನಿ. ಗೇರ್‌ಬಾಕ್ಸ್ ಬಿಚ್ಚುವ ಮಾತು ಮುಗಿಯಿತು. ಇನ್ನು ಗ್ಯಾರೇಜಿನವರನ್ನು ಒಂದು ಪ್ರಶ್ನೆ ಕೇಳಿ: ಬಾಡಿ ಕೆಲಸ ಆಗುವಾಗ ಶಾಫ್ಟಿಗೆ ಏನು ಮಾಡಿದಿರಿ?

ರೆಸ್ಟೋರ್ ಆದ ಗಾಡಿಯ ಕಾಯಿಲೆ ಬಹಳ ಸಲ ರೆಸ್ಟೋರ್ ಮಾಡುವಾಗಲೇ ಬಂದಿರುತ್ತದೆ. ಶಾಫ್ಟಿನ ಕೊಳವೆಯ ಮೇಲೆ ಎರಡೂ ತುದಿಯ ಹತ್ತಿರ ಚಿಕ್ಕ ತಗಡಿನ ತುಂಡುಗಳನ್ನು ವೆಲ್ಡ್ ಮಾಡಿರುತ್ತಾರೆ. ನೋಡಿದರೆ ಯಾರೋ ತೇಪೆ ಹಾಕಿದ ಹಾಗೆ ಕಾಣುತ್ತದೆ. ಅವೇ ಬ್ಯಾಲೆನ್ಸ್ ತೂಕ. ತುಕ್ಕು ತೆಗೆಯುವ ಹುಡುಗ ಅಂದವಾಗಿ ಕಾಣಲಿ ಅಂತ ಗ್ರೈಂಡರ್ ಹಿಡಿದು ಅದನ್ನು ಒರೆಸಿಬಿಡುತ್ತಾನೆ. ಇನ್ನೊಂದು, ಗಾಡಿಯ ಅಡಿಗೆ ತುಕ್ಕು ಹಿಡಿಯದಿರಲಿ ಅಂತ ಕಪ್ಪು ಕೋಟಿಂಗ್ ಹೊಡೆಯುತ್ತಾರಲ್ಲ, ಶಾಫ್ಟ್ ಮುಚ್ಚದೆ ಹೊಡೆದರೆ ಕೆಳಮುಖದ ಒಂದೇ ಬದಿಗೆ ದಪ್ಪ ಕೂರುತ್ತದೆ. ಸೆಕೆಂಡಿಗೆ 40 ಸುತ್ತು ತಿರುಗುವ ಕೊಳವೆಗೆ ಅಷ್ಟು ತೂಕ ಸಾಕು. ಒಂದು ಬದಿಗೆ ಜಾಸ್ತಿ ಇರುವ ತೂಕ ತಿರುಗುವಾಗ ಶಾಫ್ಟನ್ನು ಹೊರಕ್ಕೆ ಎಳೆಯುತ್ತದೆ, ವೇಗ ಎರಡು ಪಟ್ಟಾದರೆ ಆ ಎಳೆತ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಊರೊಳಗೆ 30ರಲ್ಲಿ ಏನೂ ಅನ್ನಿಸುವುದಿಲ್ಲ. 75ರಲ್ಲಿ ಕಡಿಮೆ ಅನ್ನಿಸುವುದು ಎಳೆತ ಇಳಿಯಿತು ಅಂತ ಅಲ್ಲ, ಬಾಡಿ ಸ್ವಂತವಾಗಿ ಜಾಸ್ತಿ ಅದುರುವ ವೇಗ ದಾಟಿತು ಅಂತ.

ಪಿಟ್ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೈಯಿಂದ ಶಾಫ್ಟ್ ಅಲ್ಲಾಡಿಸಿ. ಶಾಫ್ಟಿನ ಎರಡು ತುದಿಯಲ್ಲೂ ಬಾಗುವ ಕೀಲು ಇರುತ್ತದೆ, ಅದನ್ನೇ ಕ್ರಾಸ್ ಅನ್ನುತ್ತೇವೆ. ಆ ಎರಡೂ ಕ್ರಾಸ್‌ಗಳಲ್ಲಿ ಆಟ, ಅಂದರೆ ಸಡಿಲ, ಇರಬಾರದು. ಹೊಸ ಕ್ರಾಸ್ ಹಾಕಿದ್ದರೆ ಬಿಗಿ ಕೂಡ ನೋಡಿ. ಎಲ್ಲಾ ದಿಕ್ಕಿಗೂ ಒಂದೇ ಸಮ ತಿರುಗಬೇಕು. ಒಂದು ದಿಕ್ಕಿಗೆ ಕಚ್ಚಿದರೆ ಒಳಗೆ ಸೂಜಿ ಬೇರಿಂಗಿನ ಒಂದು ಸೂಜಿ ಅಡ್ಡ ಬಿದ್ದಿರಬಹುದು. ಶಾಫ್ಟಿನ ಮುಂದಿನ ತೋಳು ಗೇರ್‌ಬಾಕ್ಸಿನ ಹಿಂಬದಿಯ ಬುಷ್ ಒಳಗೆ ಕೂರುವ ಥರ ಇದ್ದರೆ ಅಲ್ಲಿಯ ಆಟವನ್ನೂ ನೋಡಿ. ಶಾಫ್ಟ್ ಮೇಲೆಯೇ ಜಾರುವ ಹಲ್ಲಿನ ಜೋಡಣೆ ಇದ್ದರೆ ಎರಡು ತುದಿಯಲ್ಲಿ ಕ್ರಾಸ್ ಹಿಡಿದಿರುವ ಕವಲುಗಳು ಒಂದೇ ಸಾಲಿನಲ್ಲಿರಬೇಕು. ಒಂದು ಹಲ್ಲು ತಪ್ಪಿ ಕೂರಿಸಿದರೂ ಸುತ್ತಿಗೆ ಎರಡು ಸಲ ಹೊಡೆತ ಬರುತ್ತದೆ. ನಿಮ್ಮ ಆ್ಯಪ್ 80 ತೋರಿಸಿದ್ದರೆ ಮೊದಲ ಅನುಮಾನ ನನಗೆ ಅದೇ ಬರುತ್ತಿತ್ತು.

ಕಾಮೆಂಟ್ (ಮಲ್ಲೇಶ್ವರ):
ಅಣ್ಣಾ, ನಮ್ಮದು ಪ್ರೀಮಿಯರ್ ಪದ್ಮಿನಿ. ಶಾಫ್ಟ್ ಎರಡು ತುಂಡು, ನಡುವೆ ಬೇರಿಂಗ್ ಇದೆ. ಇದೇ ಲೆಕ್ಕ ಅದಕ್ಕೂ ನಡೆಯುತ್ತಾ?

ಮೇಸ್ತ್ರಿ:
ನಡೆಯುತ್ತದೆ ತಮ್ಮಾ. ಆದರೆ ನಿಮ್ಮ ಗಾಡಿಯಲ್ಲಿ ಮೊದಲು ಆ ನಡುವಿನ ಬೇರಿಂಗ್ ಹಿಡಿದಿರುವ ರಬ್ಬರ್ ನೋಡಿ. ಅದು ಹಳೆಯದಾಗಿ ಸೀಳಿದರೆ ಶಾಫ್ಟ್ ನಡುವಲ್ಲೇ ಕುಣಿಯುತ್ತದೆ. ಬೇರಿಂಗ್ ಚೆನ್ನಾಗಿದೆ ಅಂತ ರಬ್ಬರ್ ಬಿಡಬೇಡಿ.

ಪ್ರಶ್ನೆ ಕೇಳಿದವರು:
ಶಾಫ್ಟ್ ಇಳಿಸಿದರು. ಮೇಲೆಲ್ಲಾ ಕಪ್ಪು ಕೋಟಿಂಗ್, ಒಂದು ಬದಿಗೆ ಗಟ್ಟಿಯಾಗಿ ನಿಂತಿದೆ. ಕೆರೆದು ನೋಡಿದರೆ ಒಂದು ತುದಿಯಲ್ಲಿ ತಗಡಿನ ತುಂಡು ಇದೆ. ಇನ್ನೊಂದು ತುದಿಯಲ್ಲಿ ಉಜ್ಜಿದ ಗುರುತು ಮಾತ್ರ. ಕ್ರಾಸ್ ಎರಡೂ ಚೆನ್ನಾಗಿವೆ. ಈಗ ಏನು ಮಾಡಿಸಲಿ?

ಮೇಸ್ತ್ರಿ:
ಕೋಟಿಂಗ್ ಪೂರ್ತಿ ತೆಗೆಸಿ. ಆಮೇಲೆ ಪ್ರೊಪೆಲ್ಲರ್ ಶಾಫ್ಟ್ ಬ್ಯಾಲೆನ್ಸ್ ಮಾಡುವವರ ಹತ್ತಿರ ಒಯ್ಯಿರಿ. ಜೆ.ಸಿ. ರಸ್ತೆ, ಕಲಾಸಿಪಾಳ್ಯ ಕಡೆ ವಿಚಾರಿಸಿ, ಲಾರಿ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ. ಬ್ಯಾಲೆನ್ಸಿಗೆ ಮುಂಚೆ ಡಯಲ್ ಗೇಜ್ (ಸಣ್ಣ ಓರೆಕೋರೆ ಅಳೆಯುವ ಮುಳ್ಳಿನ ಮೀಟರ್) ಇಟ್ಟು ಕೊಳವೆ ನೆಟ್ಟಗಿದೆಯಾ ಅಂತ ನೋಡಿಸಿ. ಬಗ್ಗಿದ ಕೊಳವೆಗೆ ತೂಕ ಹಾಕಿ ಸರಿ ಮಾಡುವುದು ನನಗೆ ಇಷ್ಟ ಇಲ್ಲ. ವಾಪಸ್ ಜೋಡಿಸುವಾಗ ಶಾಫ್ಟನ್ನು ಹೌಸಿಂಗಿಗೆ ಬೋಲ್ಟ್ ಮಾಡುವ ಹಿಂದಿನ ಫ್ಲೇಂಜ್ ಮುಖದಲ್ಲಿ ಪೇಂಟ್, ಕೊಳೆ ಇರಬಾರದು. ಇಳಿಸುವಾಗ ಪಂಚ್ ಗುರುತು ಹಾಕಿದ್ದರೆ ಅದೇ ಗುರುತಿಗೆ ಕೂರಿಸಿ.

ಪ್ರಶ್ನೆ ಕೇಳಿದವರು:
ಬ್ಯಾಲೆನ್ಸ್ ಆಯಿತು. 65ರ ನಡುಕ ಹೋಯಿತು, 80ರವರೆಗೂ ನೋಡಿದೆವು. ತುಂಬಾ ಥ್ಯಾಂಕ್ಸ್. ಆದರೆ ಈಗ ಇನ್ನೊಂದು ಗಮನಕ್ಕೆ ಬರುತ್ತಿದೆ. ಹಿಂದೆ ಮೂರು ಜನ ಕೂತು ಏರಿನಲ್ಲಿ ಹೊರಟರೆ 15, 20ರ ವೇಗದಲ್ಲಿ ಗಡಗಡ ಅನ್ನುತ್ತದೆ. ಇದು ಮೊದಲೂ ಇತ್ತೇನೋ, ದೊಡ್ಡ ನಡುಕದ ಗಲಾಟೆಯಲ್ಲಿ ಗೊತ್ತಾಗಿರಲಿಲ್ಲ.

ಮೇಸ್ತ್ರಿ:
ಇದಕ್ಕೆ ಎರಡು ಕಾರಣ ಇರಬಹುದು. ಗಡಗಡ ಬರುವಾಗ ನಿಮ್ಮ ಕಾಲು ಎಲ್ಲಿರುತ್ತದೆ ನೋಡಿ. ಕ್ಲಚ್ ಅರ್ಧ ಬಿಟ್ಟಾಗ ಮಾತ್ರ ಬಂದು, ಪೂರ್ತಿ ಬಿಟ್ಟ ಮೇಲೆ ನಿಂತರೆ ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದೆಯಾ, ಮೌಂಟಿಂಗ್ ಸರಿಯಾಗಿ ಕೂತಿದೆಯಾ ಅಂತ ನೋಡಬೇಕು. ಕ್ಲಚ್ ಪೂರ್ತಿ ಬಿಟ್ಟ ಮೇಲೂ ಗಾಡಿ ಎಳೆಯುವಾಗ ಬರುತ್ತಿದ್ದರೆ ಕ್ರಾಸ್‌ಗಳ ಕೋನ ತಪ್ಪಿದೆ. ಕಮಾನು ಪಟ್ಟಿ ಮಾಡಿಸಿದ್ದೀರಲ್ಲ, ನನಗೆ ಎರಡನೆಯದರ ಮೇಲೇ ಅನುಮಾನ ಜಾಸ್ತಿ.

ಒಂದು ಕ್ರಾಸ್ ಕೋನದಲ್ಲಿ ತಿರುಗಿದಾಗ ಶಾಫ್ಟ್ ಒಂದೇ ಸಮ ಓಡುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ಓಡುತ್ತದೆ. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಕೋನದಲ್ಲಿದ್ದರೆ ಅದು ಇದನ್ನು ಸರಿದೂಗಿಸುತ್ತದೆ. ಪಟ್ಟಿಗೆ ಜಾಸ್ತಿ ಬಾಗು ಕೊಟ್ಟರೆ, ಇಲ್ಲವೇ ಮುಂದಿನ ಅರ್ಧಕ್ಕೂ ಹಿಂದಿನ ಅರ್ಧಕ್ಕೂ ಬಾಗು ಬೇರೆಯಾದರೆ ಹೌಸಿಂಗ್ ಮೂತಿ ಮೇಲಕ್ಕೋ ಕೆಳಕ್ಕೋ ತಿರುಗುತ್ತದೆ. ಆಗ ಲೆಕ್ಕ ತಪ್ಪುತ್ತದೆ.

ಅಳೆಯುವಾಗ ಗಾಡಿ ತನ್ನ ಚಕ್ರದ ಮೇಲೇ, ಪಿಟ್ ಮೇಲೆ ನಿಂತಿರಲಿ. ಬಾಡಿಗೆ ಜ್ಯಾಕ್ ಕೊಟ್ಟು ಎತ್ತಿದರೆ ಹೌಸಿಂಗ್ ಕೆಳಕ್ಕೆ ಜೋತು ಬಿದ್ದು ಕೋನವೇ ಬದಲಾಗುತ್ತದೆ. ಒಂದು ಸಲ ಖಾಲಿ ಇಟ್ಟು, ಒಂದು ಸಲ ಹಿಂದೆ ಜನ ಕೂರಿಸಿ ಅಳೆಯಿರಿ. ಗೇರ್‌ಬಾಕ್ಸಿನ ಓರೆ ಎಷ್ಟು, ಹೌಸಿಂಗ್ ಮೂತಿಯಲ್ಲಿರುವ ಪಿನಿಯನ್ ಫ್ಲೇಂಜಿನ ಓರೆ ಎಷ್ಟು ನೋಡಿ. ಎರಡೂ ಸಮಾನಾಂತರ ಇರಬೇಕು. 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪಟ್ಟಿಗೂ ಹೌಸಿಂಗ್ ಪ್ಯಾಡಿಗೂ ನಡುವೆ ಓರೆ ತಗಡು ಕೊಡಬಹುದು. ಆದರೆ ಅವಸರ ಬೇಡ. ಹೊಸ ಪಟ್ಟಿ ಸ್ವಲ್ಪ ಓಡಿದ ಮೇಲೆ ಕೂರುತ್ತದೆ. ಅಲ್ಲಿಯವರೆಗೆ ಪಟ್ಟಿಯನ್ನು ಹೌಸಿಂಗಿಗೆ ಹಿಡಿದಿರುವ ಯು ಬೋಲ್ಟ್ ಮಾತ್ರ ಇನ್ನೊಮ್ಮೆ ಬಿಗಿ ಮಾಡಿಸಿ. ಎರಡೂ ಕಡೆಯ ಅಳತೆ ಬರೆದು ಇಲ್ಲಿ ಹಾಕಿ, ತಗಡಿನ ದಪ್ಪ ಆಮೇಲೆ ಲೆಕ್ಕ ಹಾಕೋಣ.