ಎಂಟನೇ ಕ್ಲಾಸಿಗೆ ಟೈಪಿಂಗ್: 41 ಮಕ್ಕಳು, 6 ಕಂಪ್ಯೂಟರ್, ಎಲ್ಲಿಂದ ಶುರು ಮಾಡಲಿ?

ಮೂಡಿಗೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯ ಸರ್ಕಾರಿ ಹೈಸ್ಕೂಲಲ್ಲಿ ಗಣಿತ ಹೇಳಿಕೊಡುತ್ತೇನೆ, ಈ ವರ್ಷ ಕಂಪ್ಯೂಟರ್ ಲ್ಯಾಬ್ ಕೂಡ ನನ್ನ ಪಾಲಿಗೆ ಬಂದಿದೆ. ಹತ್ತು ಕಂಪ್ಯೂಟರ್ ಇವೆ, ಆರು ನಡೆಯುತ್ತವೆ. ಎಂಟನೇ ಕ್ಲಾಸಲ್ಲಿ 41 ಮಕ್ಕಳು, ವಾರಕ್ಕೆ ಒಂದೇ ಪೀರಿಯಡ್. ಇಲ್ಲಿವರೆಗೆ ಕಲಿತಿದ್ದೆಲ್ಲ ನೋಟ್ಸ್. ಸಿಪಿಯು ಎಂದರೇನು ಅಂತ ಕೇಳಿದರೆ ಒಂದೇ ಉಸಿರಿಗೆ ಹೇಳುತ್ತಾರೆ. ಹೋದ ವಾರ ಒಬ್ಬ ಹುಡುಗಿಗೆ ನಿನ್ನ ಹೆಸರು ಟೈಪ್ ಮಾಡಮ್ಮ ಅಂದೆ, ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು ‘ಕೆಟ್ಟುಹೋದರೆ ಏನ್ ಮಾಡೋದು ಸಾರ್’ ಅಂದಳು. ಮನಸ್ಸಿಗೆ ತುಂಬಾ ಬೇಜಾರಾಯಿತು. ಲಿಬ್ರೆಆಫೀಸ್ (ವರ್ಡ್ ಥರದ ಉಚಿತ ತಂತ್ರಾಂಶ) ಇದೆ, ನೆಟ್ ಇಲ್ಲ. ಕನ್ನಡದಲ್ಲಿ ಶುರು ಮಾಡಲಾ, ಇಂಗ್ಲಿಷಲ್ಲಾ? ಮಳೆಗಾಲ ಬೇರೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಾಗಲ್ಲ, ಯುಪಿಎಸ್ ಬ್ಯಾಟರಿ ಸತ್ತಿದೆ.

ಅರಸೀಕೆರೆ ಟೀಚರ್

ಸಾರ್, ನೋಟ್ಸ್ ಬದಿಗಿಡಿ. ಒಂದು ರಜಾ ಅರ್ಜಿ ಟೈಪ್ ಮಾಡಿಸಿ. ಮಕ್ಕಳಿಗೆ ಅದು ಬಾಯಿಪಾಠ ಬಂದಿರುತ್ತೆ, ಏನು ಬರೆಯೋದು ಅಂತ ಯೋಚಿಸಬೇಕಿಲ್ಲ, ಗಮನವೆಲ್ಲ ಕೀಬೋರ್ಡ್ ಮೇಲೇ ಇರುತ್ತೆ. ದಿನಾಂಕ ಬಲಕ್ಕೆ ಬರಬೇಕು, ಕಂಟ್ರೋಲ್ ಆರ್. ‘ರಜಾ ಅರ್ಜಿ’ ಅನ್ನೋ ತಲೆಬರಹ ಮಧ್ಯಕ್ಕೆ, ಕಂಟ್ರೋಲ್ ಇ. ‘ವಿಷಯ’ ಅನ್ನೋ ಪದ ದಪ್ಪ ಆಗಬೇಕು, ಕಂಟ್ರೋಲ್ ಬಿ. ಒಂದೇ ಹಾಳೆಯಲ್ಲಿ ಎಷ್ಟು ಕಲಿತರು ನೋಡಿ!

ಅರ್ಧ ಕ್ಲಾಸ್ ಈ ವಾರ, ಇನ್ನರ್ಧ ಮುಂದಿನ ವಾರ ಕೂರಿಸಿ. ಆಗ ಒಂದು ಕಂಪ್ಯೂಟರಿಗೆ ಮೂರೋ ನಾಲ್ಕೋ ಮಕ್ಕಳು. ಒಬ್ಬರು ಓದಿ ಹೇಳೋದು, ಒಬ್ಬರು ಟೈಪ್ ಮಾಡೋದು, ಉಳಿದವರು ತಪ್ಪು ಹುಡುಕೋದು, ಹತ್ತು ನಿಮಿಷಕ್ಕೆ ಜಾಗ ಬದಲು. ಕಾಯುವ ಅರ್ಧ ಕ್ಲಾಸಿಗೆ ಕೀಬೋರ್ಡಿನ ಜೆರಾಕ್ಸ್ ಕೊಡಿ, ಬೆಂಚಿನ ಮೇಲಿಟ್ಟು ಬೆರಳು ಆಡಿಸಲಿ. ಮನೆಯಲ್ಲಿ ಕಂಪ್ಯೂಟರ್ ಇರೋ ಮಗು ಮೌಸ್ ಬಿಡೋದೇ ಇಲ್ಲ, ಆ ಮಗುವಿಗೆ ಮೊದಲು ಓದಿ ಹೇಳೋ ಕೆಲಸ ಕೊಡಿ.

ಹಾಸನ ಡಿಟಿಪಿ

ಕನ್ನಡದಲ್ಲೇ ಶುರು ಮಾಡಿ ಸಾರ್. ನಾನು ಹಾಸನದಲ್ಲಿ ಡಿಟಿಪಿ ಮಾಡುತ್ತೇನೆ, ಡಿಗ್ರಿ ಆದ ಹುಡುಗರು ಕೂಡ ಕನ್ನಡದಲ್ಲಿ ಒಂದು ಅರ್ಜಿ ಮಾಡಿಕೊಡಿ ಅಂತ ಬರುತ್ತಾರೆ. ಮೊಬೈಲಲ್ಲಿ ಪಟಪಟ ಮೆಸೇಜ್ ಮಾಡೋರೇ ಅವರೆಲ್ಲ.

ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿ ಜೋಡಣೆ ಕಲಿಸಿ, ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇರೋದು ಅದೇ. ವಿಂಡೋಸ್ ಆದರೆ ನುಡಿ ಹಾಕಿಕೊಳ್ಳಿ, ಉಬುಂಟು ಆದರೆ ಐಬಸ್‌ನಲ್ಲಿ (ಅದರಲ್ಲಿ ಭಾಷೆಯ ಕೀಬೋರ್ಡ್ ಆರಿಸೋ ಸೌಲಭ್ಯ) ಕೆಜಿಪಿ ಅನ್ನೋ ಹೆಸರಲ್ಲಿ ಇದೇ ಜೋಡಣೆ ಇರುತ್ತೆ. ಒತ್ತು ಬೇಕಾದಾಗ ಎಫ್, ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗೀತು. ‘ಕನ್ನಡ’ ಬೇಕಾದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಬೋರ್ಡ್ ಮೇಲೆ ಇದೊಂದನ್ನು ದೊಡ್ಡದಾಗಿ ಬರೆದಿಡಿ.

ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗೋ ಅಕ್ಷರ ಕೋಡ್) ಆಯ್ಕೆ ಮಾಡೋದು ಮಾತ್ರ ಮರೀಬೇಡಿ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದರೆ ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರದ ಕೋಡ್. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತೆ. ಒಬ್ಬ ತಾಯಿ ಮಗಳ ಪ್ರಾಜೆಕ್ಟನ್ನು ಪೆನ್‌ಡ್ರೈವಲ್ಲಿ ತಂದಿದ್ದರು, ಇದೇ ಕಥೆ ಆಯಿತು. ಮಗು ಅಲ್ಲೇ ಅಳೋಕೆ ಶುರು ಮಾಡಿತು. ಅವತ್ತು 12 ಪುಟ ಇಬ್ಬರೂ ಕೂತು ಸರಿ ಮಾಡಿದೆವು.

ಇನ್ನೊಂದು, ತಲೆಬರಹ ಮಧ್ಯಕ್ಕೆ ತರೋಕೆ ಸ್ಪೇಸ್ ಬಾರ್ ಒತ್ತುತ್ತಾ ಹೋಗೋಕೆ ಬಿಡಬೇಡಿ. ಅಕ್ಷರದ ಗಾತ್ರ ಬದಲಾದ ಕೂಡಲೇ ಎಲ್ಲ ಚೆಲ್ಲಾಪಿಲ್ಲಿ.

ಸಕಲೇಶಪುರ ಮಳೆ

ಕರೆಂಟ್ ಬಗ್ಗೆ: ಲಿಬ್ರೆಆಫೀಸ್ ಸುಮ್ನೆ ಬಿಟ್ಟರೆ 10 ನಿಮಿಷಕ್ಕೊಮ್ಮೆ ತಾನೇ ಒಂದು ರಿಕವರಿ ಪ್ರತಿ ಉಳಿಸಿಟ್ಟುಕೊಳ್ಳುತ್ತೆ. ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ಗೆ ಹೋಗಿ 2 ನಿಮಿಷ ಮಾಡಿ. ಅದನ್ನೇ ನಂಬಿ ಕೂರದೆ, ಮೊದಲ ಅಕ್ಷರಕ್ಕೂ ಮುಂಚೆ ಹೆಸರು ಕೊಟ್ಟು ಸೇವ್ ಮಾಡಿಸಿ. ಒಂದೊಂದು ಸಾಲಿಗೂ ಕಂಟ್ರೋಲ್ ಎಸ್ ಅಭ್ಯಾಸ ಆಗಲಿ.

ಮೂಡಿಗೆರೆ ಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮೊದಲ ಅರ್ಧ ಕ್ಲಾಸ್ ಕೂತಿತ್ತು. ಹೆದರಿದ್ದಳಲ್ಲ, ಆ ಹುಡುಗಿ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ’ವರೆಗೂ ಬಂದಳು. ‘ದ್ಯಾ’ ಬರಲಿಲ್ಲ ಅಂತ ನಾಲ್ಕು ಸಲ ಅಳಿಸಿ, ಐದನೇ ಸಲ ಎಫ್ ಎಲ್ಲಿ ಹಾಕಬೇಕು ಅಂತ ತಾನೇ ಕಂಡುಕೊಂಡಳು. ಕೊನೆಯಲ್ಲಿ ಕರೆಂಟ್ ಹೋಯಿತು, ಐದು ಅರ್ಜಿ ಉಳಿದಿವೆ, ಒಂದು ಹೋಗಿದೆ. ಅರಸೀಕೆರೆ ಮೇಡಂ, ಆ ಕೀಬೋರ್ಡ್ ಜೆರಾಕ್ಸ್ ಮೇಲೆ ಕನ್ನಡ ಅಕ್ಷರ ಕೈಯಲ್ಲೇ ಬರೆದಿರಾ?